ದಡದಲ್ಲಿ ಕೂತ ಮೂರು ಕೆನ್ನಾಯಿ

ಕಡವೆ ಹೊಟ್ಟೆಮಟ್ಟದ ನೀರಿನಲ್ಲಿ ನಿಂತಿತ್ತು. ಹೆಣ್ಣು ಕಡವೆ, ದಡದಿಂದ ಇಪ್ಪತ್ತು ಮಾರು ದೂರ. ದಡದ ಹುಲ್ಲಿನಲ್ಲಿ ಮೂರು ಕೆನ್ನಾಯಿಗಳು ಕೂತಿದ್ದವು. ಒಂದು ಮುಂಗಾಲಿನ ಮೇಲೆ ಗಲ್ಲ ಇಟ್ಟು ಮಲಗಿತ್ತು, ಇನ್ನೊಂದು ಕಿವಿ ಕೆರೆದುಕೊಳ್ಳುತ್ತಿತ್ತು, ಮೂರನೆಯದು ಮಾತ್ರ ಕಡವೆಯ ಮೇಲಿಟ್ಟ ಕಣ್ಣು ತೆಗೆಯದೆ ನೆಟ್ಟಗೆ ಕೂತಿತ್ತು. ಮಾರ್ಚ್ ತಿಂಗಳ ಬೆಳಗ್ಗೆ, ಏಳೂವರೆ ಇರಬೇಕು. ಕಬಿನಿ ಹಿನ್ನೀರು ಇಳಿಯುತ್ತ ಹೋಗಿ, ಮುಳುಗಿದ್ದ ನೆಲದಲ್ಲೆಲ್ಲ ಎಳೆಹುಲ್ಲು ಎದ್ದಿತ್ತು. ಆ ಹುಲ್ಲಿಗಾಗಿಯೇ ಬೇಸಿಗೆಯಲ್ಲಿ ಆನೆ, ಕಾಟಿ, ಜಿಂಕೆಗಳು ಕಾಡಿನೊಳಗಿಂದ ನೀರಂಚಿಗೆ ಇಳಿದು ಬರುತ್ತವೆ. ಅವುಗಳ ಬೆನ್ನಿಗೇ ಅವನ್ನು ತಿನ್ನುವವೂ ಬರುತ್ತವೆ.

ಜೀಪಿನಲ್ಲಿ ನಾವು ನಾಲ್ವರು, ಯಾರೂ ಉಸಿರೆತ್ತಲಿಲ್ಲ. ಜೊತೆಗಿದ್ದ ವಾಚರ್ ಅಣ್ಣ ಹತ್ತಿರದ ಹಾಡಿಯವರು. ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. "ಇವು ಮೂರೇ ಅಲ್ಲ ಸಾರ್. ಇನ್ನೂ ಅವೆ. ಲಂಟಾನದೊಳಗೆ ನೋಡಿ." ನಾನು ನೋಡಿದೆ. ಲಂಟಾನ ಮಾತ್ರ ಕಂಡಿತು.

ಕಡವೆ ತನಗೆ ಗೊತ್ತಿದ್ದ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಕೆನ್ನಾಯಿಗಳು ಅಟ್ಟಿಕೊಂಡು ಬಂದರೆ ಕಡವೆ ನೀರಿಗಿಳಿಯುತ್ತದೆ. ಉದ್ದ ಕಾಲಿನ ಪ್ರಾಣಿ ನೆಲಕ್ಕೆ ಕಾಲೂರಿ ನಿಲ್ಲುವ ಆಳದಲ್ಲಿ ಗಿಡ್ಡ ಕಾಲಿನ ನಾಯಿ ಈಜಬೇಕು. ಈಜುವ ನಾಯಿಗೆ ಹಾರಲು ನೆಲವಿಲ್ಲ, ಕಡವೆಗೆ ಮುಂಗಾಲೆತ್ತಿ ಒದೆಯಲು ನೆಲವಿದೆ. ಒಂದು ಒದೆ ಸರಿಯಾಗಿ ಬಿದ್ದರೆ ನಾಯಿಯ ಪಕ್ಕೆಲುಬು ಮುರಿಯುತ್ತದೆ. ಪಕ್ಕೆಲುಬು ಮುರಿದ ಬೇಟೆಗಾರನಿಗೆ ಕಾಡಿನಲ್ಲಿ ಆಸ್ಪತ್ರೆಯಿಲ್ಲ. ನಾಯಿಗಳಿಗೂ ಇದು ಗೊತ್ತಿತ್ತು, ಅದಕ್ಕೇ ಕೂತಿದ್ದವು.

ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ತಾತನ ಮಾತು.

ನಮ್ಮೂರು ಹೆಗ್ಗಡದೇವನಕೋಟೆ ಕಡೆಯದು. ಆನೆ ಕಂದಕಕ್ಕೂ ನಮ್ಮ ಹೊಲಕ್ಕೂ ಒಂದು ಮೈಲಿಯೂ ಇರಲಿಲ್ಲ. ತಾತ ಹರೆಯದಲ್ಲಿ ಕಾಡೊಳಗೇ ದನ ಮೇಯಿಸಿದವನು. ಹುಲಿಯನ್ನು ಅವನು ಎಂದೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ದೊಡ್ಡದು' ಎನ್ನುತ್ತಿದ್ದ. ಆ ಮಾತಿನಲ್ಲಿ ಭಯದಷ್ಟೇ ಗೌರವವೂ ಇತ್ತು. ಆದರೆ ಕೆನ್ನಾಯಿಯ ಮಾತು ಬಂದರೆ ಸಾಕು, ಬಾಯಲ್ಲಿದ್ದ ಎಲೆ ಅಡಿಕೆ ಉಗಿದೇ ಮುಂದಿನ ಮಾತು. "ದೊಡ್ಡದು ಒಂದೇ ಏಟಿಗೆ ತೀರ್ಸ್ತದೆ ಕಣ ಮಗ. ಈ ಸೀಳುನಾಯಿ ಅದೆಯಲ್ಲ, ಜೀವ ಇದ್ದಂಗೇ ಹರ್ಕೊಂಡು ತಿಂತದೆ." ಆಮೇಲೆ ಆ ಕಥೆ. ಸೀಳುನಾಯಿ ತನ್ನ ಬಾಲಕ್ಕೆ ತಾನೇ ಉಚ್ಚೆ ಹೊಯ್ದುಕೊಂಡು, ಮಿಕದ ಕಣ್ಣಿಗೆ ಬಾಲದಿಂದ ಎರಚಿ, ಕುರುಡು ಮಾಡಿ ಆಮೇಲೆ ಮುಗಿಬೀಳುತ್ತದೆ ಎಂಬ ಕಥೆ. ಹುಲಿ ಕೂಡ ಅದಕ್ಕೇ ಅವಕ್ಕೆ ಹೆದರುತ್ತದಂತೆ. ಇದು ನಮ್ಮ ಸೀಮೆಯ ಕಥೆ ಅಂದುಕೊಂಡಿದ್ದೆ. ಆಮೇಲೆ ಮಧ್ಯ ಭಾರತದ ಕಾಡಂಚಿನವರೂ ಇದನ್ನೇ ಹೇಳುತ್ತಾರೆಂದು ಓದಿ ತಿಳಿಯಿತು. ಇಷ್ಟು ದೂರ ದೂರದ ಜನ ಒಂದು ಪ್ರಾಣಿಯ ಮೇಲೆ ಒಂದೇ ಸುಳ್ಳನ್ನು ಹೊರಿಸಿದ್ದಾರೆಂದರೆ, ಅದನ್ನು ಕಂಡಾಗ ಎಲ್ಲರಿಗೂ ಒಂದೇ ತೆರನ ತಳಮಳ ಆಗಿರಬೇಕು.

ಹೆಸರನ್ನೇ ನೋಡಿ. ಕೆನ್ನಾಯಿ ಅಂದರೆ ಕೆಂಪು ನಾಯಿ, ಅದರ ಬಣ್ಣ ಹೇಳುವ ಹೆಸರು. ಸೀಳುನಾಯಿ ಅನ್ನುವುದು ಅದರ ಕೃತ್ಯ ಹೇಳುವ ಹೆಸರು. ಹುಲಿಯನ್ನು ನಾವ್ಯಾರೂ 'ಕತ್ತು ಹಿಸುಕುವ ಬೆಕ್ಕು' ಎಂದು ಕರೆಯಲಿಲ್ಲ. ಕೊಕ್ಕರೆಯನ್ನು 'ಜೀವಂತ ಮೀನು ನುಂಗುವ ಹಕ್ಕಿ' ಎನ್ನಲಿಲ್ಲ. ಒಂದು ಪ್ರಾಣಿಗೆ ಮಾತ್ರ ಅದು ಉಣ್ಣುವ ರೀತಿಯನ್ನೇ ಹೆಸರಾಗಿ ಅಂಟಿಸಿಬಿಟ್ಟೆವು.

ಆ ಹೆಸರಿಗೆ ಕಾರಣವಾದದ್ದನ್ನು ನಾನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸಿರಬೇಕು, ನಾಗರಹೊಳೆಯಲ್ಲಿ ಪ್ರಾಣಿ ಗಣತಿಗೆ ಸ್ವಯಂಸೇವಕನಾಗಿ ಹೋಗಿದ್ದೆ. ಬೆಳಗಿನ ನಡಿಗೆ ಮುಗಿಸಿ ಹಡ್ಲಿನ ಅಂಚಿಗೆ ಬಂದಿದ್ದೆವು. ಕಾಡಿನ ನಡುವೆ ತೇವ ನಿಂತು ಹುಲ್ಲು ಬೆಳೆಯುವ ಬಯಲಿಗೆ ಅಲ್ಲಿ ಹಡ್ಲು ಅನ್ನುತ್ತಾರೆ. ಎದುರು ಅಂಚಿನಿಂದ ಚುಕ್ಕಿ ಜಿಂಕೆಯ ಹಿಂಡು ಒಡೆದು ನಾಲ್ಕು ದಿಕ್ಕಿಗೂ ಚೆಲ್ಲಿತು. ಒಂದು ಹೆಣ್ಣು ಜಿಂಕೆ ನಮ್ಮ ಕಡೆಗೇ ಓಡಿ ಬರುತ್ತಿತ್ತು. ಅದರ ಹಿಂದೆ ಎರಡು ನಾಯಿ. ಜಿಂಕೆ ನಮ್ಮನ್ನು ಕಂಡಿತೋ ಏನೋ, ಬಲಕ್ಕೆ ತಿರುಗಿತು. ಬಲಕ್ಕೆ ಮತ್ತೆ ಎರಡು ನಾಯಿಗಳು ಮೊದಲೇ ನಿಂತಿದ್ದವು. ಓಡಿಸಿದವು ಎರಡು, ಕಾದಿದ್ದವು ಎರಡು. ಒಟ್ಟು ಓಟ ಇನ್ನೂರು ಮೀಟರ್ ಕೂಡ ಇರಲಿಕ್ಕಿಲ್ಲ.

ಆಮೇಲೆ ಆದದ್ದು ತಾತ ಹೇಳಿದಂತೆಯೇ. ಒಂದು ತೊಡೆಗೆ ಬಾಯಿ ಹಾಕಿತು, ಇನ್ನೊಂದು ಮೂತಿ ಹಿಡಿಯಿತು, ಮತ್ತೊಂದು ಹೊಟ್ಟೆಯ ಕೆಳಗೆ ನುಗ್ಗಿತು. ಜಿಂಕೆ ಬೀಳುವ ಮೊದಲೇ ಅದರ ಕರುಳು ಹೊರಗೆ ಬಂದಿತ್ತು. ಎಲ್ಲೆಲ್ಲಿಂದಲೋ ಇನ್ನೂ ಐದಾರು ನಾಯಿಗಳು ಸೇರಿಕೊಂಡವು. ನನ್ನ ಕೈಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಜಿಂಕೆಯ ಕಾಲು ಆಡುವುದು ನಿಂತಿತು. ಆ ನಾಲ್ಕು ನಿಮಿಷ ನನಗೆ ಬಹಳ ದೊಡ್ಡದಾಗಿತ್ತು. ಪಕ್ಕದ ಮರಕ್ಕೆ ಒರಗಿ ವಾಂತಿ ಮಾಡಿಕೊಂಡೆ. ಕ್ಯಾಂಪಿಗೆ ಬಂದು ಊಟ ಸೇರಲಿಲ್ಲ. ತಾತ ಸರಿ ಎಂದು ಅಂದು ರಾತ್ರಿ ಅನ್ನಿಸಿತ್ತು.

ಹಾಗಲ್ಲ ಎಂದು ಅರ್ಥವಾಗಲು ವರ್ಷಗಳೇ ಬೇಕಾದವು. ಅದಕ್ಕೆ ಮೊದಲು ಹುಲಿಯ ಬೇಟೆಯನ್ನು ನೋಡಬೇಕಾಯಿತು. ಸರಿಯಾಗಿ ಹೇಳಬೇಕೆಂದರೆ, ಹುಲಿಯ ಬೇಟೆ ತಪ್ಪಿದ್ದನ್ನು.

ಹುಲಿಗೆ ಎಲ್ಲಕ್ಕಿಂತ ಮುಖ್ಯವಾದ ಆಯುಧ ದೂರವನ್ನು ಕಡಿಮೆ ಮಾಡುವ ಸಾಮರ್ಥ್ಯ. ಅದರ ಉಗುರು, ಕೋರೆಹಲ್ಲು, ಮುಂಗಾಲಿನ ಶಕ್ತಿ ಇವೆಲ್ಲ ಕೆಲಸಕ್ಕೆ ಬರುವುದು ಮಿಕ ಹತ್ತಿಪ್ಪತ್ತು ಮೀಟರ್ ಒಳಗೆ ಸಿಕ್ಕಾಗ ಮಾತ್ರ. ಇನ್ನೂರು ಕಿಲೋ ತೂಗುವ ದೇಹ ದೂರ ಓಡುವುದಕ್ಕೆ ಹುಟ್ಟಿದ್ದಲ್ಲ. ಹಾಗಾಗಿ ಅದರ ಬದುಕಿನ ಬಹುಪಾಲು ಕೌಶಲ ಕಾಣದಂತೆ, ಕೇಳದಂತೆ ಹತ್ತಿರ ಹೋಗುವುದರಲ್ಲೇ ಇದೆ. ಮೆತ್ತನೆಯ ಅಂಗಾಲು, ಒಳಗೆ ಮಡಚಿಕೊಳ್ಳುವ ಉಗುರು, ಬಿಸಿಲು ನೆರಳು ಬೆರೆತ ಹುಲ್ಲಿನಲ್ಲಿ ದೇಹದ ಅಂಚನ್ನೇ ಅಳಿಸಿಹಾಕುವ ಪಟ್ಟೆ. ಇಷ್ಟು ಕಿತ್ತಳೆ ಬಣ್ಣ ಹೊತ್ತು ಹಸಿರು ಕಾಡಿನಲ್ಲಿ ಅಡಗುವುದು ಹೇಗೆಂದು ಚಿಕ್ಕಂದಿನಲ್ಲಿ ನಾನು ಮೇಷ್ಟ್ರನ್ನು ಕೇಳಿದ್ದೆ, ಅವರಿಗೂ ಗೊತ್ತಿರಲಿಲ್ಲ. ಉತ್ತರ ಜಿಂಕೆಯ ಕಣ್ಣಿನಲ್ಲಿದೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಜಿಂಕೆಯ ಕಣ್ಣಿನಲ್ಲಿ ಎರಡೇ ಬಗೆ. ಕಿತ್ತಳೆಯನ್ನೂ ಹಸಿರನ್ನೂ ಅದು ಬೇರೆ ಮಾಡಿ ನೋಡಲಾರದು. ನಮಗೆ ಬೆಂಕಿಯಂತೆ ಉರಿಯುವ ಹುಲಿ ಜಿಂಕೆಗೆ ಪೊದೆಯ ಬಣ್ಣದ್ದೇ ಇನ್ನೊಂದು ಪೊದೆ.

ಆದರೆ ಜಿಂಕೆಗೆ ಬೇರೆ ಆಸ್ತಿಗಳಿವೆ. ತಲೆಯ ಎರಡು ಪಕ್ಕಕ್ಕೆ ಕೂತ ಕಣ್ಣು ಹಿಂದಿನದನ್ನೂ ನೋಡುತ್ತವೆ. ಸ್ವಲ್ಪ ಅಲುಗಾಡಿದರೂ ಹಿಡಿಯುತ್ತವೆ. ಕಿವಿ ಒಂದೊಂದು ಒಂದೊಂದು ದಿಕ್ಕಿಗೆ ತಿರುಗುತ್ತದೆ. ಹಿಂಡಿನಲ್ಲಿ ಇಪ್ಪತ್ತು ಮೂಗು, ನಲವತ್ತು ಕಣ್ಣು. ಮೇಲೆ ಮರದಲ್ಲಿ ಮುಸುವಗಳು ಎಲೆ ತಿನ್ನುತ್ತ, ಅರ್ಧ ಕೆಳಗೆ ಚೆಲ್ಲುತ್ತ ಕೂತಿರುತ್ತವೆ. ಚೆಲ್ಲಿದ್ದನ್ನು ತಿನ್ನಲು ಜಿಂಕೆಗಳು ಕೆಳಗೆ ನಿಲ್ಲುತ್ತವೆ. ಮೇಲಿನವಕ್ಕೆ ದೂರ ಕಾಣುತ್ತದೆ, ಕೆಳಗಿನವಕ್ಕೆ ವಾಸನೆ ಸಿಗುತ್ತದೆ. ಮುಸುವ ಕೆಮ್ಮಿದಂತೆ ಕೂಗಿದರೆ ಜಿಂಕೆ ತಲೆ ಎತ್ತುತ್ತದೆ, ಜಿಂಕೆ ಕೀರಲು ದನಿ ತೆಗೆದರೆ ಮುಸುವ ಮೇಲಿನ ಕೊಂಬೆಗೆ ಹಾರುತ್ತದೆ.

ನಾನು ನೋಡಿದ ಆ ಹೆಣ್ಣುಹುಲಿ ಒಂದು ತಗ್ಗಿನಲ್ಲಿ ನಲವತ್ತು ನಿಮಿಷ ತೆವಳಿತ್ತು. ಲೆಕ್ಕ ಇಟ್ಟಿದ್ದೆ. ಜಿಂಕೆ ತಲೆ ಬಗ್ಗಿಸಿದಾಗ ಎರಡು ಹೆಜ್ಜೆ, ತಲೆ ಎತ್ತಿದಾಗ ಕಲ್ಲು. ಮುಂಗಾಲು ಗಾಳಿಯಲ್ಲಿ ಎತ್ತಿದ್ದು ಎತ್ತಿದಂತೆಯೇ ನಿಂತದ್ದೂ ಉಂಟು. ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು, ಹೆಗಲ ಮೂಳೆಗಳು ಮಾತ್ರ ಬೆನ್ನಿನ ಮೇಲೆ ಏರಿಳಿಯುತ್ತಿದ್ದವು. ಇನ್ನು ಮೂವತ್ತು ಮೀಟರ್ ಇರಬಹುದು. ಅಷ್ಟರಲ್ಲಿ ಮೇಲಿಂದ ಒಂದು ಮುಸುವ ಕೆಮ್ಮಿತು. ಒಂದೇ ಸಲ.

ಹುಲಿ ಎದ್ದು ನಿಂತಿತು. ಅವಿತುಕೊಳ್ಳಲು ಕೂಡ ಪ್ರಯತ್ನಿಸಲಿಲ್ಲ. ಮೈ ಕೊಡವಿಕೊಂಡು ಬಟಾಬಯಲಿನಲ್ಲಿ ನಡೆದು ಹೊರಟಿತು. ನಾನು ಬೆರಗಾಗಿದ್ದು ಜಿಂಕೆಗಳು ಓಡಲಿಲ್ಲವಲ್ಲ ಎಂದು. ಅವು ನಿಂತಲ್ಲೇ ಬಾಲ ಎತ್ತಿ, ಮುಂಗಾಲಿನಿಂದ ನೆಲ ಗುದ್ದುತ್ತ, ಹುಲಿ ಹೋದ ಕಡೆಗೇ ಮುಖ ಮಾಡಿಕೊಂಡು ಕೂಗುತ್ತಲೇ ಇದ್ದವು. ಎರಡು ಜಿಂಕೆಗಳಂತೂ ಅದರ ಹಿಂದೆ ನಾಲ್ಕು ಹೆಜ್ಜೆ ಹೋದವು. ಕಂಡುಬಿಟ್ಟ ಹುಲಿಯಿಂದ ಭಯವಿಲ್ಲ, ಕಾಣದ ಹುಲಿಯೇ ಭಯ. ಎಚ್ಚರಿಕೆಯ ಕೂಗು ಬಳಗಕ್ಕೆ ಹೇಳುವ ಮಾತಷ್ಟೇ ಎಂದು ನಾನು ತಿಳಿದಿದ್ದೆ. ಅದು ಹುಲಿಗೂ ಹೇಳುವ ಮಾತು. ನಿನ್ನನ್ನು ನೋಡಿಯಾಯಿತು, ಇನ್ನು ನಿನ್ನ ಶ್ರಮ ದಂಡ, ಹೋಗು. ಹುಲಿಗೂ ಆ ಭಾಷೆ ಬರುತ್ತದೆ.

ಸಫಾರಿ ಚಾಲಕರು ಬದುಕುವುದೂ ಆ ಭಾಷೆಯನ್ನು ನಂಬಿಯೇ. 'ಕಾಲ್ ಬರ್ತಿದೆ' ಎಂದು ಗಾಡಿ ನಿಲ್ಲಿಸಿ ಎಂಜಿನ್ ಆರಿಸುತ್ತಾರೆ. ಅವರು ಹೇಳಿಕೊಟ್ಟದ್ದು ಇದು: ಜಿಂಕೆ ಗಾಬರಿಗೂ ಕೂಗುತ್ತದೆ, ಕಡವೆ 'ಢೋಂಕ್' ಎಂದರೆ ಅಲ್ಲಿ ಏನೋ ಇದ್ದೇ ಇದೆ.

ಹತ್ತರಿಂದ ಇಪ್ಪತ್ತು ಪ್ರಯತ್ನಕ್ಕೆ ಒಂದು ಸಲ ಹುಲಿಗೆ ಮಿಕ ಸಿಗುತ್ತದೆ ಎಂದು ಅದನ್ನು ಹಿಂಬಾಲಿಸಿ ಬದುಕಿದವರು ಲೆಕ್ಕ ಹಾಕಿದ್ದಾರೆ. ನಾವು ಅದರ ಗೆಲುವನ್ನು ಮಾತ್ರ ಚಿತ್ರಗಳಲ್ಲಿ ನೋಡುತ್ತೇವೆ. ಉಳಿದ ಒಂಬತ್ತೋ ಹತ್ತೊಂಬತ್ತೋ ಸಲ ಅದು ಹಸಿದು ಎದ್ದು ಹೋಗುತ್ತದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಅಂದರೆ ವಾರಕ್ಕೊಂದು. ಇರುವ ಮಿಕಗಳಲ್ಲಿ ನೂರಕ್ಕೆ ಹತ್ತರಷ್ಟನ್ನು ಮಾತ್ರ ತೆಗೆದರೆ ಹಿಂಡು ಕರಗುವುದಿಲ್ಲ, ಹಾಗಾಗಿ ಒಂದು ಹುಲಿ ಬದುಕಬೇಕಾದರೆ ಅದರ ನೆಲದಲ್ಲಿ 500 ಜಿಂಕೆ, ಕಡವೆ, ಕಾಟಿ, ಹಂದಿ ಇರಬೇಕು ಎಂದು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಬಹಳ ಹಿಂದೆಯೇ ಲೆಕ್ಕ ಕೊಟ್ಟರು. ಹುಲಿ ಉಳಿಸಬೇಕಾದರೆ ಜಿಂಕೆ ಉಳಿಸು ಎನ್ನುವ ಈ ಲೆಕ್ಕವನ್ನು ನಾನು ಮೊದಲು ಕೇಳಿದ ದಿನ, ಊರಲ್ಲಿ ಉರುಳು ಹಾಕಿ ಹಿಡಿದ ಜಿಂಕೆಯ ಪಾಲು ತಿಂದದ್ದು ನೆನಪಾಗಿ ಕಸಿವಿಸಿಯಾಗಿತ್ತು.

ಇನ್ನು ತಾತ ಹೇಳುತ್ತಿದ್ದ 'ಒಂದೇ ಏಟು'. ಸಣ್ಣ ಮಿಕವಾದರೆ ನಿಜ, ಹುಲಿ ಹಿಂಗತ್ತಿಗೆ ಬಾಯಿ ಹಾಕಿ ಕೋರೆಹಲ್ಲನ್ನು ಬೆನ್ನುಮೂಳೆಯ ಗೆಣ್ಣುಗಳ ನಡುವೆ ಇಳಿಸುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ದೊಡ್ಡ ಕಡವೆಯೋ ಕಾಟಿಯೋ ಆದರೆ ಅದು ಹಿಡಿಯುವುದು ಗಂಟಲನ್ನು. ಮುಂಗಾಲಿನಿಂದ ತಬ್ಬಿ ನೆಲಕ್ಕೆ ಕೆಡವಿ, ಗಂಟಲು ಕಚ್ಚಿ, ಉಸಿರು ನಿಲ್ಲುವವರೆಗೆ ಬಿಡುವುದಿಲ್ಲ. ಅದಕ್ಕೂ ನಿಮಿಷಗಳೇ ಹಿಡಿಯುತ್ತವೆ. ವ್ಯತ್ಯಾಸ ಏನೆಂದರೆ ಆಗ ಸದ್ದಿಲ್ಲ, ರಕ್ತ ಹೆಚ್ಚು ಕಾಣುವುದಿಲ್ಲ. ನೋಡುವ ನಮ್ಮ ಕಣ್ಣಿಗೆ ಗಾಂಭೀರ್ಯವಾಗಿ ಕಂಡದ್ದು ಹಿಡಿಸಿಕೊಂಡ ಕಡವೆಗೆ ಸುಲಭದ ಸಾವಾಗಿರಲಿಲ್ಲ.

ಈಗ ಕೆನ್ನಾಯಿಯ ದೇಹ ನೋಡಿ. ಹನ್ನೆರಡರಿಂದ ಇಪ್ಪತ್ತು ಕಿಲೋ, ನಮ್ಮ ಊರನಾಯಿಯಷ್ಟೇ. ಬೆಕ್ಕಿನ ಜಾತಿಗಿರುವಂತೆ ಮಿಕವನ್ನು ತಬ್ಬಿ ಹಿಡಿಯುವ ಮುಂಗಾಲಿಲ್ಲ, ಕೊಕ್ಕೆಯಂಥ ಉಗುರಿಲ್ಲ. ತನ್ನ ಮೂರು ನಾಲ್ಕು ಪಟ್ಟು, ಕೆಲವು ಸಲ ಹತ್ತು ಪಟ್ಟು ತೂಕದ ಪ್ರಾಣಿಯನ್ನು ಅದು ಹಿಡಿದು ನಿಲ್ಲಿಸುವುದಾದರೂ ಹೇಗೆ? ಇರುವುದು ಬಾಯಿ ಒಂದೇ. ಊರನಾಯಿಗೂ ತೋಳಕ್ಕೂ ಬಾಯಲ್ಲಿ 42 ಹಲ್ಲು, ಕೆನ್ನಾಯಿಗೆ 40. ಕೆಳದವಡೆಯ ಕಡೆಯ ಹಲ್ಲು ಎರಡೂ ಪಕ್ಕ ಇಲ್ಲ. ಜಗಿಯುವ ಹಲ್ಲು ಬಿಟ್ಟುಕೊಟ್ಟು ಕತ್ತರಿಸುವ ಹಲ್ಲನ್ನು ಹರಿತ ಮಾಡಿಕೊಂಡ ಪ್ರಾಣಿ ಇದು. ಹಾಗಾಗಿ ಎಂಟು ಹತ್ತು ಬಾಯಿಗಳು ಸೇರಿ ಒಂದು ಹುಲಿಯ ಕೆಲಸ ಮಾಡಬೇಕು. ಒಂದು ಮೂತಿ ಹಿಡಿದು ತಡೆಯಬೇಕು, ಉಳಿದವು ಸಿಕ್ಕಲ್ಲಿ ಹರಿದು ರಕ್ತ ಹರಿಸಬೇಕು. ಆದಷ್ಟು ಬೇಗ ಮಿಕ ಬೀಳಬೇಕು, ಯಾಕೆಂದರೆ ಬೀಳದ ಒಂದೊಂದು ಕ್ಷಣವೂ ಒದೆ ತಿನ್ನುವ ಅಪಾಯ. ಅದಕ್ಕೆ ಬೇರೆ ದಾರಿಯನ್ನು ದೇಹವೇ ಕೊಟ್ಟಿಲ್ಲ.

ಬೇಗ ತಿನ್ನುವುದಕ್ಕೂ ಕಾರಣವಿದೆ. ಹುಲಿ ಬಂದರೆ ಮಾಂಸ ಬಿಟ್ಟು ಸರಿಯಬೇಕು. ಚಿರತೆಯಾದರೆ ಕೆನ್ನಾಯಿಗಳೇ ಅದನ್ನು ಮರ ಹತ್ತಿಸಿಬಿಡುತ್ತವೆ. ಒಂಟಿ ಚಿರತೆಗೆ ಹಿಂಡಿನ ಮುಂದೆ ನಿಲ್ಲುವ ಧೈರ್ಯವಿಲ್ಲ. ಚಿರತೆ ತನ್ನ ಮಿಕವನ್ನು ಕೊಂಬೆಗೆ ಎಳೆದು ಹಾಕುವುದು ಈ ಇಬ್ಬರ ಕಾಟಕ್ಕೇ. ಹುಲಿ, ಚಿರತೆ, ಕೆನ್ನಾಯಿ ಮೂರೂ ಒಂದೇ ಕಾಡಿನಲ್ಲಿ, ಒಂದೇ ಹಡ್ಲಿನ ಸುತ್ತ ಬದುಕುವ ಜಾಗ ನಾಗರಹೊಳೆ. ಹೇಗೆ ಹೊಂದಿಕೊಂಡಿವೆ ಎಂದು ಕಾರಂತರೂ ಅಮೆರಿಕದ ವನ್ಯಜೀವಿ ವಿಜ್ಞಾನಿ ಮೆಲ್ ಸನ್‌ಕ್ವಿಸ್ಟ್ ಅವರೂ ಸೇರಿ ಹುಡುಕಿದರು. 1995ರಲ್ಲಿ ಪ್ರಕಟವಾದ ಅವರ ಅಧ್ಯಯನದ ಹಿಂದೆ ನೂರಾರು ಮಲದ ಗುಡ್ಡೆಗಳಿವೆ. ಕಾಡಿನಲ್ಲಿ ಬೇಟೆ ಕಣ್ಣಿಗೆ ಬೀಳುವುದೇ ಅಪರೂಪ. ಆದ್ದರಿಂದ ದಾರಿಯಲ್ಲಿ ಬಿದ್ದ ಮಲ ತಂದು, ತೊಳೆದು, ಅದರೊಳಗಿನ ಕೂದಲನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇದು ಜಿಂಕೆ, ಇದು ಕಡವೆ, ಇದು ಮುಸುವ ಎಂದು ಗುರುತಿಸಬೇಕು. ಬೇಟೆಯ ಕಥೆ ಅಲ್ಲಿ ಬರೆದಿರುತ್ತದೆ. ಹುಲಿ ಕೊಂದ ಮಿಕಗಳ ಸರಾಸರಿ ತೂಕ ಸುಮಾರು 91 ಕಿಲೋ, ಕೆನ್ನಾಯಿಯದು 43, ಚಿರತೆಯದು 38 ಎಂದು ಹೊರಬಿತ್ತು. ಹುಲಿ ಕಾಟಿ ಕಡವೆಗಳಂಥ ಭಾರದ ಕಡೆ ವಾಲಿದರೆ ಉಳಿದೆರಡು ಜಿಂಕೆಯ ಗಾತ್ರದ ಸುತ್ತ ಇವೆ. ಹೊತ್ತೂ ಬೇರೆ. ಬೆಕ್ಕುಗಳದ್ದು ಹೆಚ್ಚಾಗಿ ಇಳಿಸಂಜೆ, ರಾತ್ರಿ, ನಸುಕು. ಕೆನ್ನಾಯಿಯದು ಹಗಲು, ಬೆಳಗ್ಗೆ ಮತ್ತು ಸಂಜೆಯ ಮುಂಚೆ.

ನನಗನ್ನಿಸುವುದು, ಕೆನ್ನಾಯಿಗೆ ಕೆಟ್ಟ ಹೆಸರು ಬಂದದ್ದು ಈ ಹಗಲಿನಿಂದಲೇ. ಹುಲಿ ರಾತ್ರಿ ಕೊಲ್ಲುತ್ತದೆ, ಬೆಳಗ್ಗೆ ನಾವು ನೋಡುವುದು ಸತ್ತ ಪ್ರಾಣಿಯನ್ನು. ಕೆನ್ನಾಯಿ ದನ ಮೇಯಿಸುವವನ ಕಣ್ಣೆದುರಿಗೆ, ಬಿಸಿಲಿನಲ್ಲಿ ಕೊಲ್ಲುತ್ತದೆ. ನಾವು ಸಾವನ್ನು ಮೊದಲಿಂದ ಕಡೆಯವರೆಗೆ ನೋಡಿದ್ದು ಅದರ ಕೈಯಲ್ಲಿ ಮಾತ್ರ.

ಅದಕ್ಕೆ ಬೆಲೆ ತೆತ್ತದ್ದು ಅದೇ. ಬ್ರಿಟಿಷರ ಕಾಲದಲ್ಲಿ ಕೆನ್ನಾಯಿಯ ತಲೆಗೆ ಇನಾಮು ಇತ್ತು. ಶಿಕಾರಿ ಮಾಡುವ ದೊರೆಗಳಿಗೆ ತಾವು ಹೊಡೆಯಬೇಕಾದ ಜಿಂಕೆಯನ್ನು ಅದು ಮೊದಲೇ ಹೊಡೆಯುತ್ತದೆಂಬ ಸಿಟ್ಟು. ಗುಂಡು, ವಿಷ, ಗೂಡಿಗೆ ನುಗ್ಗಿ ಮರಿಗಳನ್ನು ಬಡಿಯುವುದು, ಎಲ್ಲಕ್ಕೂ ಸರ್ಕಾರದ ಒಪ್ಪಿಗೆ. ಹುಲಿಯನ್ನು ಕೊಂದವರು ಅದರ ತಲೆಯನ್ನು ಗೋಡೆಗಾದರೂ ನೇತುಹಾಕಿಕೊಂಡರು, ಕೆನ್ನಾಯಿಯನ್ನು ಕೊಂದು ಎಸೆದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆಯೇ ಅದಕ್ಕೆ ರಕ್ಷಣೆ ಸಿಕ್ಕಿದ್ದು.

ಆ ಕಾಯ್ದೆ ಬಂದು ನಾಲ್ಕೇ ವರ್ಷಕ್ಕೆ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರಕ್ಕೆ ಬಂದು ಕೆನ್ನಾಯಿಗಳ ಹಿಂದೆ ಕಾಲ್ನಡಿಗೆಯಲ್ಲಿ ಅಲೆಯತೊಡಗಿದರು. 1976ರಿಂದ 1978ರವರೆಗೆ. ಆವರೆಗೆ ಈ ಪ್ರಾಣಿಯ ಬಗ್ಗೆ ಹೆಚ್ಚಾಗಿ ಬರೆದವರು ಅದನ್ನು ಕೊಂದವರೇ. ಜಾನ್‌ಸಿಂಗ್ ಕೂತು ನೋಡಿದರು. 2024ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ, ಒಮ್ಮೆಯೂ ಭೇಟಿಯಾಗದ ಮನುಷ್ಯನಿಗಾಗಿ ನನಗೆ ಮನೆಯವರನ್ನು ಕಳೆದುಕೊಂಡಷ್ಟು ಸಂಕಟವಾಯಿತು.

ಹಾಗೆ ಕೂತು ನೋಡಿದವರಿಂದ ಗೊತ್ತಾದದ್ದು ಹಿಂಡಿನ ಒಳಗಿನ ಬದುಕು. ಒಂದು ಹಿಂಡಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಒಂದೇ ಹೆಣ್ಣು. ಉಳಿದವು ಅಕ್ಕ, ಚಿಕ್ಕಪ್ಪ, ಸೋದರತ್ತೆಯರಂತೆ ಬಾಳುವೆ ಮಾಡುತ್ತವೆ. ತಾಯಿ ಗೂಡು ಬಿಟ್ಟು ಹೋಗಲಾರದ ದಿನಗಳಲ್ಲಿ ಹಿಂಡು ಬೇಟೆಯಾಡಿ, ಹೊಟ್ಟೆತುಂಬ ತಿಂದು ಬಂದು, ಗೂಡಿನ ಮುಂದೆ ತಾಯಿಗೂ ಮರಿಗಳಿಗೂ ಕಕ್ಕಿ ಉಣಿಸುತ್ತದೆ. ಮರಿಗಳು ಬೆಳೆದು ಬೇಟೆಯ ಜಾಗಕ್ಕೆ ಬರುವಂತಾದ ಮೇಲೆ, ಬಿದ್ದ ಜಿಂಕೆಗೆ ಮೊದಲು ಬಾಯಿ ಹಾಕುವುದು ಅವೇ. ದೊಡ್ಡವು ಪಕ್ಕಕ್ಕೆ ಸರಿದು ಕಾವಲು ನಿಲ್ಲುತ್ತವೆ. ಓಡಿ ದಣಿದ, ಒದೆ ತಿಂದ, ಹಸಿದ ನಾಯಿಗಳು ಪಕ್ಕದಲ್ಲಿ ನಿಂತು ಮರಿಗಳು ತಿಂದು ಮುಗಿಸುವುದನ್ನು ಕಾಯುತ್ತವೆ. ಸಿಂಹಗಳಲ್ಲಿ ಹೀಗಿಲ್ಲ, ಅಲ್ಲಿ ಬಲ ಇದ್ದದ್ದು ಮೊದಲು ತಿನ್ನುತ್ತದೆ. ನಾನು ಹಡ್ಲಿನಲ್ಲಿ ಆ ದಿನ ವಾಂತಿ ಮಾಡಿಕೊಳ್ಳದೆ ಇನ್ನೊಂದು ಹತ್ತು ನಿಮಿಷ ನೋಡಿದ್ದರೆ ಏನು ಕಾಣುತ್ತಿತ್ತೋ ಎಂದು ಈಗಲೂ ಅನ್ನಿಸುತ್ತದೆ.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದ್ದೇನೆ.

ತಾತ ಹೋದ ಮೇಲೆ ಒಂದು ಸಲ ಊರಿಗೆ ಹೋದಾಗ, ಒಲೆಯ ಮುಂದೆ ಕೂತು ಅವ್ವನಿಗೆ ಕೆನ್ನಾಯಿಯ ಮಾತು ಹೇಳುತ್ತಿದ್ದೆ. ಮರಿಗಳಿಗೆ ಕಕ್ಕುವುದು, ಮೊದಲು ಉಣ್ಣಿಸುವುದು, ಎಲ್ಲ. ಅವ್ವ ಮುದ್ದೆ ತಿರುವುತ್ತಿದ್ದವಳು ಕೈ ನಿಲ್ಲಿಸದೆ ಅಂದಳು, "ನಿಮ್ ತಾತ ಅದ ಬಾಯ್ತುಂಬ ಬೈತಿದ್ದ. ಆದ್ರೆ ಬರಗಾಲದಲ್ಲಿ ನಮ್ಮನ್ನೆಲ್ಲ ಸಾಕಿದ್ದು ಅದೇಯ." ಕೇಳಿದೆ, ಏನದು ಎಂದು. ಅವ್ವ ಹೇಳಿದಳು. ದನ ಮೇಯಿಸುವವರು ಬೆಳಗಿನ ಹೊತ್ತು ಹದ್ದು ಕಾಗೆ ಸುತ್ತುವ ಜಾಗ ನೋಡಿಕೊಂಡು ಓಡುತ್ತಿದ್ದರಂತೆ. ಕೆನ್ನಾಯಿ ಕೆಡವಿದ ಜಿಂಕೆಯೋ ಕಡವೆಯೋ ಬಿದ್ದಿರುತ್ತಿತ್ತು. ನಾಲ್ಕು ಜನ ದೊಣ್ಣೆ ಹಿಡಿದು ಕೂಗಿದರೆ ಸಾಕು, ನಾಯಿಗಳು ಬಿಟ್ಟು ಸರಿಯುತ್ತಿದ್ದವು. ಮೇಲೆ ಬೀಳುತ್ತಿರಲಿಲ್ಲ. ಒಂದು ನಾಯಿಯೂ ಒಬ್ಬರಿಗೂ ಕಚ್ಚಿದ್ದಿಲ್ಲ. ಉಳಿದ ಮಾಂಸ ಕೊಯ್ದು, ಕಂಬಳಿಯಲ್ಲಿ ಸುತ್ತಿ ಮನೆಗೆ ತರುತ್ತಿದ್ದರು. "ದೊಡ್ಡದರ ತಾವು ಹಂಗ್ ಮಾಡಕಾಯ್ತದ?" ಎಂದಳು ಅವ್ವ.

ಬಂಡೀಪುರದ ಸುತ್ತ ಜನ ಕೆನ್ನಾಯಿಗಳಿಂದ ಮಾಂಸ ಕಸಿದು ತರುತ್ತಿದ್ದದ್ದು ಸಂಶೋಧಕರ ಬರಹದಲ್ಲೂ ಇದೆ. ಅದನ್ನು ನಾನು ಮೊದಲೇ ಓದಿದ್ದೆ. ನಮ್ಮ ಮನೆಯ ಒಲೆಯ ಮೇಲೂ ಅದು ಬೆಂದಿತ್ತೆಂದು ಗೊತ್ತಿರಲಿಲ್ಲ. ತಾತನ ಮೇಲೆ ನನಗೆ ಸಿಟ್ಟಿಲ್ಲ. ಹಸಿದ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡ ಮನುಷ್ಯ ಅವನು. ಆದರೆ ಆ ದಿನಗಳಲ್ಲಿ ಗೂಡಿನ ಮುಂದೆ ಖಾಲಿ ಹೊಟ್ಟೆಯಲ್ಲಿ ಹೋಗಿ ನಿಂತ ನಾಯಿಗಳೂ ಇದ್ದವಲ್ಲ. ಕಕ್ಕಲು ಏನೂ ಇಲ್ಲದೆ ನಿಂತವು. ಅವು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಈಗ ಅವುಗಳ ಕಷ್ಟ ಬೇರೆ. ತಲೆಗೆ ಇನಾಮಿಲ್ಲ. ಕಾಡಂಚಿನ ಊರುಗಳಲ್ಲಿ ಲಸಿಕೆ ಕಾಣದ ನಾಯಿಗಳು ಹೆಚ್ಚಿವೆ. ಹುಚ್ಚು, ಡಿಸ್ಟೆಂಪರ್ ಎಂಬ ವೈರಸ್ ರೋಗ, ಕಜ್ಜಿ ಎಲ್ಲ ಅವುಗಳಿಂದ ದಾಟುತ್ತವೆ. ಮೈಗೆ ಮೈ ಒತ್ತಿ ಮಲಗುವ, ಒಂದರ ಬಾಯಿಂದ ಇನ್ನೊಂದು ಉಣ್ಣುವ ಪ್ರಾಣಿಗಳಲ್ಲಿ ಒಂದಕ್ಕೆ ರೋಗ ಬಂದರೆ ಇಡೀ ಹಿಂಡಿಗೆ ಬಂತೆಂದೇ ಲೆಕ್ಕ. ಬೇಟೆಗೆ ಅವನ್ನು ಸಮರ್ಥವಾಗಿಸಿದ ಒಗ್ಗಟ್ಟೇ ರೋಗಕ್ಕೆ ದಾರಿ ಮಾಡಿಕೊಡುತ್ತದೆ. ಜಗತ್ತಿನಲ್ಲಿ ಅಳಿವಿನಂಚಿನ ಪಟ್ಟಿಯಲ್ಲಿರುವ ಪ್ರಾಣಿ ಇದು, ಹುಲಿಯ ಹಾಗೆಯೇ. ಹುಲಿಗೆ ಯೋಜನೆಯಿದೆ, ಗಣತಿಯಿದೆ, ಪ್ರತಿಯೊಂದಕ್ಕೂ ಪಟ್ಟೆಯ ಗುರುತು, ಸಂಖ್ಯೆ ಇದೆ. ಕೆನ್ನಾಯಿಗೆ ಪಟ್ಟೆಯಿಲ್ಲ, ಒಂದನ್ನೊಂದು ಬೇರೆ ಮಾಡಿ ಎಣಿಸುವುದೂ ಕಷ್ಟ. ಊರಿಗೆ ಹೋದಾಗಲೆಲ್ಲ ನಾನು ನಾಯಿಗಳಿಗೆ ಲಸಿಕೆ ಹಾಕಿಸಿ ಎಂದು ಮನೆಮನೆಗೆ ಹೋಗಿ ಹೇಳುತ್ತೇನೆ. ಕೆಲವರು ಹಾಕಿಸಿದ್ದಾರೆ.

ಹಿನ್ನೀರಿನ ದಡಕ್ಕೆ ವಾಪಸ್ ಬರುತ್ತೇನೆ.

ಎಂಟೂವರೆಯಾಯಿತು. ಬಿಸಿಲೇರಿತು. ಕಡವೆಯ ಹಿಂಗಾಲು ನಡುಗುತ್ತಿದ್ದದ್ದು ದುರ್ಬೀನಿನಲ್ಲಿ ಕಾಣುತ್ತಿತ್ತು, ತಣ್ಣೀರಿಗೋ ದಣಿವಿಗೋ. ಒಂದು ಸಲ ಅದು ಎಡಕ್ಕೆ ಹತ್ತು ಹೆಜ್ಜೆ ಸರಿಯಿತು. ಕೂಡಲೇ ಎಡ ಅಂಚಿನ ಲಂಟಾನದಿಂದ ಇನ್ನೆರಡು ನಾಯಿಗಳು ಹೊರಬಂದು ನೀರಂಚಿನಲ್ಲಿ ನಿಂತವು. ವಾಚರ್ ಅಣ್ಣ ನನ್ನ ಕಡೆ ನೋಡಿದರು. ಕಡವೆ ಮತ್ತೆ ಮೊದಲಿನ ಜಾಗಕ್ಕೆ ಬಂತು. ಒಂದು ಎಳೆಯ ನಾಯಿ ತಡೆಯಲಾರದೆ ನೀರಿಗೆ ಹಾರಿ ಈಜುತ್ತ ಹೊರಟಿತು. ಕಡವೆಯ ಕತ್ತಿನ ಕೂದಲು ಮುಳ್ಳಿನಂತೆ ಎದ್ದಿತು. ಮುಂಗಾಲೆತ್ತಿ ನೀರನ್ನು ಬಡಿದ ಸದ್ದು ನಮಗೂ ಕೇಳಿಸಿತು. ನಾಯಿ ಅರ್ಧ ದಾರಿಯಲ್ಲಿ ತಿರುಗಿ, ದಡಕ್ಕೆ ಬಂದು ಮೈ ಕೊಡವಿಕೊಂಡಿತು.

ನಾನು ಯಾರ ಪರ ಇದ್ದೆ? ಅಂದು ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡದ್ದು ನೆನಪಿದೆ. ಇಷ್ಟು ಹೊತ್ತು ಹಿಂಗಾಲು ನಡುಗಿದರೂ ನಿಂತೇ ಇದ್ದ ಕಡವೆ ಬದುಕಲಿ ಎನ್ನಿಸುತ್ತಿತ್ತು. ದಡದಲ್ಲಿ ಮಲಗಿದ್ದ ಆ ಹೆಣ್ಣುನಾಯಿ ಎದ್ದು ಮೈಮುರಿದಾಗ ಅದರ ಮೊಲೆಗಳು ಹಾಲುತುಂಬಿ ಜೋತಿದ್ದದ್ದೂ ಕಂಡಿತು. ಎಲ್ಲೋ ಒಂದು ಬಂಡೆಯ ಸಂದಿಯಲ್ಲಿ ಮರಿಗಳಿದ್ದವು.

ಒಂಬತ್ತು ದಾಟಿದ ಮೇಲೆ ಲಂಟಾನದ ಒಳಗಿನಿಂದ ಸಿಳ್ಳು ಬಂತು. ಕೆನ್ನಾಯಿ ಬೊಗಳಿ ಕರೆಯುವುದಿಲ್ಲ, ಚದುರಿದ ಹಿಂಡನ್ನು ಸಿಳ್ಳು ಹಾಕಿ ಒಟ್ಟುಗೂಡಿಸುತ್ತದೆ. ಮನುಷ್ಯನೇ ಹಾಕಿದಂತೆ, ಮೆಲ್ಲಗೆ, ಎರಡು ಸಲ. ದಡದಲ್ಲಿದ್ದವು ಎದ್ದವು. ನೆಟ್ಟಗೆ ಕೂತಿದ್ದ ಆ ಒಂದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕಡವೆಯನ್ನೇ ನೋಡಿತು, ಆಮೇಲೆ ತಿರುಗಿ ಉಳಿದವುಗಳ ಹಿಂದೆ ಹೋಯಿತು. ಒಂದು, ಎರಡು, ಏಳು, ಎಂಟು. ಬಾಲದ ಕಪ್ಪು ಕುಚ್ಚುಗಳು ಒಂದೊಂದಾಗಿ ಪೊದೆಯೊಳಗೆ ಮರೆಯಾದವು.

"ಹೋದವಾ ಅಣ್ಣ?" ಎಂದೆ.

"ಹೋಗವೆ ಸಾರ್. ಆದ್ರೆ ಅದು ನಂಬಲ್ಲ," ಎಂದರು.

ಸಫಾರಿ ಸ್ಲಾಟಿನ ಹೊತ್ತು ಮುಗಿದು ಗಾಡಿ ತಿರುಗಿಸಬೇಕಾಯಿತು. ನಾನು ಹಿಂದಿನ ಸೀಟಿನಿಂದ ನೋಡುತ್ತಲೇ ಇದ್ದೆ. ಕಡವೆ ಕಿವಿ ಲಂಟಾನದ ಕಡೆ ತಿರುಗಿಸಿಕೊಂಡು, ನೀರಿನಲ್ಲೇ ನಿಂತಿತ್ತು.